ತಗಡಿನ ಕೆಳಗಿನ ನೀಲಿ

ಸಾಂತಾಕ್ರೂಜ್‌ನ ಆ ಹಳೇ ಬಿಲ್ಡಿಂಗಿನ ಮೊದಲ ಮಹಡಿಗೆ ನಾನು ಮೊದಲ ಸಲ ಹೋದಾಗ ನನ್ನ ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದಿತ್ತು. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಒಬ್ಬ ಹೆಂಗಸಿನ ಮನೆಯಲ್ಲಿ ನಾಲ್ಕು ತಿಂಗಳು ಕೂತು, ಆಕೆಯ ಗಂಡ ಪ್ರೀತಿಯಿಂದ ಇಟ್ಟುಕೊಂಡಿದ್ದ ವಸ್ತುವೊಂದನ್ನು ಕೆಡಿಸಿ ಬಂದೆ. ಕೆಡಿಸುತ್ತಿದ್ದೇನೆ ಅನ್ನುವುದು ಗೊತ್ತಿಲ್ಲದ ಕಾರಣ ಆ ನಾಲ್ಕು ತಿಂಗಳು ನಾನು ಬಹಳ ಸಂತೋಷವಾಗಿದ್ದೆ.

ನಾನು ಹುಟ್ಟಿದ್ದು ಚೆಂಬೂರಿನಲ್ಲಿ. ಅಪ್ಪ ವಿಜಯಪುರದ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವನು. ಸಿಮೆಂಟು ಕಲಸಿ ಕಲಸಿ ಅವನ ಬೆರಳ ತುದಿಯ ಗೆರೆಗಳು ಅಳಿಸಿಹೋಗಿದ್ದವು. ನನ್ನ ಕೈ ಹಾಗಾಗಬಾರದೆಂದು ಅವನು ನನ್ನನ್ನು ದಾದರಿನ ಒಬ್ಬ ಪೇಂಟರ್ ಹತ್ತಿರ ಕೆಲಸ ಕಲಿಯಲು ಹಾಕಿದ. ಫೋಟೊ ಸ್ಟುಡಿಯೋಗಳ ಹಿನ್ನೆಲೆ ಪರದೆ, ಅಂಗಡಿಗಳ ಶೋಕಾರ್ಡು, ಕ್ಯಾಲೆಂಡರ್ ಚಿತ್ರ, ಇವು ಅಲ್ಲಿನ ಕೆಲಸ. ಅಲ್ಲಿ ನಾನು ಏರ್‌ಬ್ರಷ್ ಹಿಡಿದೆ. ಪೆನ್ನಿನಷ್ಟೇ ದಪ್ಪದ ಲೋಹದ ಸಾಧನ ಅದು. ಹಿಂದಿನಿಂದ ಕಂಪ್ರೆಸರಿನ ಗಾಳಿ ಬರುತ್ತದೆ, ಮೇಲಿನ ಪುಟ್ಟ ಬಟ್ಟಲಿನಲ್ಲಿ ಬಣ್ಣ ಇರುತ್ತದೆ, ತೋರುಬೆರಳಿನಿಂದ ಗುಂಡಿ ಒತ್ತಿದರೆ ಬಣ್ಣ ಮಂಜಿನ ಹಾಗೆ ಬಂದು ಕೂರುತ್ತದೆ. ಕುಂಚದ ಗುರುತು ಎಲ್ಲಿಯೂ ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಛಾಪಿಸುವ ಬ್ಯಾನರುಗಳು ಬಂದ ಮೇಲೆ ಆ ಕೆಲಸವೆಲ್ಲ ಹೋಯಿತು. ಆದರೆ ಕೈ ಉಳಿಯಿತು. ಗಣಪತಿ ಹಬ್ಬಕ್ಕೆ ಮುಂಚೆ ಮೂರ್ತಿ ಮಾಡುವವರ ಹತ್ತಿರ ಗಣಪತಿಯ ಮೈಗೆ ಶೇಡಿಂಗ್ ಕೊಡುತ್ತಿದ್ದೆ. ಉಳಿದ ತಿಂಗಳುಗಳಲ್ಲಿ ಮೋಟರ್‌ಸೈಕಲ್ ಟ್ಯಾಂಕು, ಹೆಲ್ಮೆಟ್ಟು. ಐವತ್ತೆಂಟು ವರ್ಷವಾದರೂ ನನ್ನ ಕೈ ನಡುಗುತ್ತಿರಲಿಲ್ಲ. ಆ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಸಾಂತಾಕ್ರೂಜ್‌ನಿಂದ ಫೋನ್ ಮಾಡಿದವರು ಉಡುಪಿ ಕಡೆಯ ಒಬ್ಬ ಹೆಂಗಸು. ಗಂಡ ಅದೇ ಬಿಲ್ಡಿಂಗಿನ ಕೆಳಗೆ ಹೋಟೆಲು ನಡೆಸುತ್ತಿದ್ದರು. ಅವರು ತೀರಿಕೊಂಡು ವರ್ಷವಾಗಿತ್ತು. ಹೋಟೆಲನ್ನು ಬೇರೆಯವರಿಗೆ ನಡೆಸಲು ಕೊಟ್ಟು ಆಕೆ ಮೇಲಿನ ಮನೆಯಲ್ಲಿ ಒಬ್ಬರೇ ಇದ್ದರು.

"ನಮ್ಮಲ್ಲಿ ಒಂದು ಆಟದ ಮೆಶಿನ್ ಉಂಟು. ಅದರ ಮೇಲಿನ ಚಿತ್ರ ಎಲ್ಲ ಮಾಸಿ ಹೋಗಿದೆ. ನೀವು ಗಾಡಿಗಳಿಗೆ ಬಣ್ಣ ಹಾಕ್ತೀರಂತಲ್ಲ, ಒಮ್ಮೆ ಬಂದು ನೋಡಿ. ಆಗ್ತದಾ ಇಲ್ವಾ ಹೇಳಿ" ಅಂದರು.

ಚೆಂಬೂರಿನಿಂದ ಲೋಕಲ್ ಹತ್ತಿ ವಡಾಳಾದಲ್ಲಿ ಗಾಡಿ ಬದಲಿಸಿ ಹೋದೆ. ಬಾಲ್ಕನಿಯ ಪಕ್ಕದ ಕೋಣೆಯಲ್ಲಿ, ಹಳೇ ಬೆಡ್‌ಶೀಟಿನ ಕೆಳಗೆ ಆ ಮೆಶಿನ್ ನಿಂತಿತ್ತು. ಪಿನ್‌ಬಾಲ್ ಅನ್ನುತ್ತಾರೆ. ನಾಲ್ಕು ಕಾಲಿನ ಮೇಲೆ ನಿಂತ ಉದ್ದನೆಯ ಮರದ ಪೆಟ್ಟಿಗೆ, ಮೇಲೆ ಇಳಿಜಾರಾದ ಗಾಜು. ಗಾಜಿನ ಕೆಳಗೆ ಉಕ್ಕಿನ ಗುಂಡು ಓಡುತ್ತದೆ, ದೀಪಗಳು ಹತ್ತುತ್ತವೆ, ಗಂಟೆ ಹೊಡೆಯುತ್ತದೆ. ಗುಂಡು ಕೆಳಗೆ ಜಾರಿಹೋಗದ ಹಾಗೆ ಪೆಟ್ಟಿಗೆಯ ಎರಡೂ ಪಕ್ಕದ ಗುಂಡಿ ಒತ್ತಿ ಒಳಗಿನ ಎರಡು ಪುಟ್ಟ ತೋಳುಗಳಿಂದ ಅದನ್ನು ಮೇಲಕ್ಕೆ ಹೊಡೆಯಬೇಕು. ದಾದರಿನಲ್ಲಿ ಒಂದು ವಿಡಿಯೊ ಪಾರ್ಲರ್ ಮುಚ್ಚುವಾಗ ಆಕೆಯ ಗಂಡ ಅದನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದರಂತೆ.

"ಹೋಟೆಲಿಗೆ ಫ್ರಿಜ್ ತರ್ತೇನೆ ಅಂತ ಹೋದವರು ಇದನ್ನು ತಂದ್ರು. ಎರಡು ದಿವಸ ನಾನು ಮಾತಾಡ್ಲಿಲ್ಲ" ಅಂದರು.

ಪೆಟ್ಟಿಗೆಯ ಎರಡೂ ಪಕ್ಕಗಳಲ್ಲಿ ಸಮುದ್ರದೊಳಗಿನ ಚಿತ್ರವಿತ್ತು. ಮುಳುಗಿ ಈಜುವ ಒಬ್ಬ ಹೆಣ್ಣು, ಕೈಯಲ್ಲಿ ದೀಪ, ಅವಳ ಹಿಂದೆ ಎಂಟು ಕಾಲಿನ ದೊಡ್ಡ ಪ್ರಾಣಿ, ಸುತ್ತ ಗುಳ್ಳೆಗಳು. ಬಾಲ್ಕನಿಯ ಕಡೆಗಿದ್ದ ಪಕ್ಕ ಬಿಸಿಲಿಗೆ ಪೂರಾ ಬೆಳ್ಳಗಾಗಿತ್ತು. ಬಿಸಿಲಿನಲ್ಲಿ ಕೆಂಪು ಮೊದಲು ಹೋಗುತ್ತದೆ, ಆಮೇಲೆ ಹಳದಿ. ನೀಲಿ ಕೊನೆಗೆ ಸುಣ್ಣದ ಹಾಗಾಗಿ ಉಳಿಯುತ್ತದೆ. ಹೆಣ್ಣಿನ ತುಟಿ ಇರಲಿಲ್ಲ. ದೀಪದ ಬೆಳಕು ಇರಲಿಲ್ಲ. ಆದರೂ ಗೆರೆಗಳು ಗಟ್ಟಿಯಾಗಿದ್ದವು. ಎಲ್ಲೋ ದೂರದ ದೇಶದ ಕಾರ್ಖಾನೆಯಲ್ಲಿ ನನ್ನಂಥವನೊಬ್ಬ ಸ್ಟೆನ್ಸಿಲ್ ಇಟ್ಟು ಬಣ್ಣ ಊದಿದ್ದ. ಅವನ ಕೈಯನ್ನು ನಾನು ಕೂಡಲೇ ಗುರುತು ಹಿಡಿದೆ. ಅಂಥ ಕೆಲಸ ನನ್ನ ಪಾಲಿಗೆ ಬಂದು ಎಷ್ಟೋ ವರ್ಷವಾಗಿತ್ತು.

"ಆಗ್ತದ ಅಕ್ಕಾರ. ಟೈಮ್ ಹಿಡೀತದ, ಆದ್ರ ಆಗ್ತದ" ಅಂದೆ.

ಪೆಟ್ಟಿಗೆಯ ಎಡಪಕ್ಕದಲ್ಲಿ, ಗುಂಡಿಯ ಹಿಂದೆ, ಅಂಗೈಯಗಲದ ಜಾಗದಲ್ಲಿ ಬಣ್ಣವೇ ಇರಲಿಲ್ಲ. ಬರೀ ಮರ, ಎಣ್ಣೆ ಉಜ್ಜಿದ ಹಾಗೆ ನುಣುಪಾಗಿ, ಕಪ್ಪಗೆ ಹೊಳೆಯುತ್ತಿತ್ತು. ಇದು ಬಿಸಿಲಿನ ಕೆಲಸವಲ್ಲ ಅಂತ ನೋಡಿದರೇ ತಿಳಿಯುತ್ತಿತ್ತು. ಆಕೆಯೇ ಹೇಳಿದರು. ಗಂಡನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮೂರು ವರ್ಷ, ದಿನಾ ಮಧ್ಯಾಹ್ನ ಊಟವಾದ ಮೇಲೆ ಅವರನ್ನು ಎತ್ತಿ ಈ ಮೆಶಿನ್ನಿನ ಎದುರು ಎತ್ತರದ ಸ್ಟೂಲಿನ ಮೇಲೆ ಕೂರಿಸಬೇಕಿತ್ತು. ಎಡಗೈ ಒಂದರಲ್ಲೇ ಆಡುತ್ತಿದ್ದರು. ಗುಂಡು ಬಲಕ್ಕೆ ಬಂದರೆ ಏನೂ ಮಾಡುವ ಹಾಗಿರಲಿಲ್ಲ.

"ಬಲಕ್ಕೆ ಬಿದ್ದ ಕೂಡ್ಲೆ ನಗ್ತಿದ್ರು. ಮಾತು ಹೋಗಿತ್ತು, ನಗು ಹೋಗಿರ್ಲಿಲ್ಲ" ಅಂದರು.

ಆ ಜಾಗವನ್ನು ಹಾಗೇ ಬಿಡಲೇ ಅಂತ ಕೇಳಿದೆ. ಅದನ್ನು ಕೇಳಿದ್ದೆ ಅನ್ನುವುದೊಂದು ನನ್ನ ಕಡೆಗಿದೆ. ಆಕೆ ತುಂಬ ಹೊತ್ತು ನೋಡಿದರು. ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿದರು.

"ಬೇಡ, ಮಾಡಿ. ಅವರು ತಂದ ದಿವಸ ಹೇಗಿತ್ತೋ ಹಾಗೆ ಆಗ್ಲಿ. ಕಾಯಿಲೆಯ ನೆನಪು ನನಗೆ ಬೇಡ."

ಮಾರನೆಯ ವಾರದಿಂದ ಕೆಲಸ ಶುರುವಾಯಿತು. ಕಂಪ್ರೆಸರನ್ನು ಅಲ್ಲೇ ಇಟ್ಟೆ. ಬೆಳಿಗ್ಗೆ ಹತ್ತಕ್ಕೆ ಹೋಗಿ ನಾಲ್ಕಕ್ಕೆ ಹೊರಡುತ್ತಿದ್ದೆ. ಮೊದಲು ಇಡೀ ಚಿತ್ರವನ್ನು ಬಟರ್ ಪೇಪರಿನ ಮೇಲೆ ಗೆರೆಗೆರೆಯಾಗಿ ಎತ್ತಿಕೊಂಡೆ. ಅದಕ್ಕೇ ಮೂರು ವಾರ ಹಿಡಿಯಿತು. ಒಂದೊಂದು ಬಣ್ಣಕ್ಕೆ ಒಂದೊಂದು ಸ್ಟೆನ್ಸಿಲ್ ಕತ್ತರಿಸಿದೆ. ಆಮೇಲೆ ಪೆಟ್ಟಿಗೆಯ ತೂತು, ಗಾಯಗಳಿಗೆ ಪುಟ್ಟಿ ತುಂಬಿ, ಹಳೆಯ ಬಣ್ಣವನ್ನು ಪಾಲಿಶ್ ಪೇಪರಿನಿಂದ ತಿಕ್ಕಿ ತೆಗೆದೆ. ಆ ಅಂಗೈಯಗಲದ ಮರವನ್ನೂ ತಿಕ್ಕಿದೆ. ಎಣ್ಣೆ ಹೀರಿದ ಮರದ ಮೇಲೆ ಬಣ್ಣ ನಿಲ್ಲುವುದಿಲ್ಲ, ಅದಕ್ಕೆ ಬಹಳ ತಿಕ್ಕಬೇಕಾಯಿತು. ಆಕೆ ಅಡುಗೆಮನೆಯಲ್ಲಿದ್ದರು. ಪೇಪರಿನ ಸದ್ದು ಅವರಿಗೆ ಕೇಳಿಸಿಯೇ ಇರಬೇಕು.

ಬಣ್ಣ ಮಾಸಿದ ಚಿತ್ರದಲ್ಲಿ ಮೂಲ ಬಣ್ಣ ಯಾವುದು ಅಂತ ತಿಳಿಯಲು ಒಂದು ದಾರಿಯಿದೆ. ಪೆಟ್ಟಿಗೆಯ ಮೂಲೆಗಳಲ್ಲಿ, ಕಾಲು ಜೋಡಿಸುವ ಕಡೆ, ಬೋಲ್ಟಿನ ಕೆಳಗೆ ಒಂದು ತಗಡು ಕೂರಿಸಿರುತ್ತಾರೆ. ಅದರ ಕೆಳಗೆ ಬಿಸಿಲು ಹೋಗಿರುವುದಿಲ್ಲ. ತಗಡು ಬಿಚ್ಚಿದೆ. ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಸಮುದ್ರದ ನೀಲಿ, ನಿನ್ನೆ ಊದಿದ ಹಾಗೆ ಇತ್ತು. ಆ ಒಂದು ಚೌಕವನ್ನು ಮುಟ್ಟದೆ ಬಿಟ್ಟೆ. ಅದನ್ನು ನೋಡಿಯೇ ಉಳಿದ ನೀಲಿಯನ್ನು ಕಲಸುವುದು, ಕೊನೆಗೆ ತಗಡು ಮುಚ್ಚುವುದು ಅಂತ.

ನೀಲಿ ಕಲಸಲು ಮೂರು ದಿನ ತಗೊಂಡೆ. ಒಂದು ತೊಟ್ಟು ಹಸಿರು, ಒಂದು ತೊಟ್ಟು ಕೆಂಪು, ಮತ್ತೆ ನೀಲಿ, ಮತ್ತೆ ಕೆಂಪು. ಪುಟ್ಟ ಹಲಗೆಯ ಮೇಲೆ ಊದಿ, ಒಣಗಿಸಿ, ಬಾಲ್ಕನಿಯ ಬೆಳಕಿನಲ್ಲಿ ಚೌಕದ ಪಕ್ಕ ಹಿಡಿದು ನೋಡುವುದು. ಸರಿಯಿಲ್ಲ ಅನಿಸಿದರೆ ಇನ್ನೊಂದು ತೊಟ್ಟು. ಮೂರನೆಯ ದಿನ ಎರಡೂ ಒಂದೇ ಆದವು. ಹಲಗೆಯ ಅಂಚು ಎಲ್ಲಿ ಮುಗಿದು ಚೌಕ ಎಲ್ಲಿ ಶುರುವಾಗುತ್ತದೆ ಅನ್ನುವುದೇ ನನಗೆ ಕಾಣಲಿಲ್ಲ. ಆಕೆಯನ್ನು ಕರೆದು ತೋರಿಸಿದೆ.

"ನೋಡ್ರಿ ಅಕ್ಕಾರ. ಫರಕು ಕಾಣ್ತದೇನು?"

ಆಕೆ ಬಗ್ಗಿ ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಹಲಗೆ ನೋಡಿದರು.

"ನಿಮಗೆ ಸರಿ ಕಾಣ್ತದಲ್ಲ?"

"ನನಗ ಭಾಳ ಛಲೋ ಕಾಣ್ತದ್ರಿ."

"ಹಾಗಾದ್ರೆ ಹಾಕಿ. ನೀವು ಬಣ್ಣದವರು, ನನಗೆಂತ ಗೊತ್ತಾಗ್ತದೆ" ಅಂದು ಚಹಾ ತರಲು ಹೋದರು.

ಆ ಮಾತನ್ನು ನಾನು ಮೆಚ್ಚುಗೆ ಅಂತಲೇ ತಿಳಿದೆ.

ಕೊನೆಯ ವಾರಗಳಲ್ಲಿ ಹೆಣ್ಣಿನ ಮುಖ ಮಾಡಿದೆ. ತಗಡಿನ ಕೆಳಗೆ ಚರ್ಮದ ಬಣ್ಣದ ಗುರುತು ಎಲ್ಲಿಯೂ ಇರಲಿಲ್ಲ. ಅದನ್ನು ನನ್ನ ಅನುಭವದಿಂದಲೇ ಹಾಕಬೇಕಿತ್ತು. ಮೊದಲು ಹಾಕಿದ್ದು ಬಹಳ ಹಳದಿಯಾಗಿ ಕಂಡಿತು. ಬಿಳಿ ಸೇರಿಸಿದೆ. ಆಮೇಲೂ ಹಳದಿ. ಒಂದು ಕಣ ನೀಲಿ ಸೇರಿಸಿದೆ. ಆಗ ಸರಿಹೋಯಿತು. ನೀರಿನೊಳಗೆ ದೀಪದ ಬೆಳಕು ಬಿದ್ದ ಮುಖ ನನಗೆ ಕಾಣಿಸಿತು. ಮೇಲೆ ಹೊಳಪಿನ ಲ್ಯಾಕರ್ ಊದಿ, ತಗಡು ಕೂರಿಸಿ, ಕಂಪ್ರೆಸರ್ ಎತ್ತಿಕೊಂಡು ಮನೆಗೆ ಬಂದ ದಿನ ಹೆಂಡತಿಗೆ ಹೇಳಿದೆ, ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಆದ ಕೆಲಸದಲ್ಲಿ ಇದೇ ಎಲ್ಲಕ್ಕಿಂತ ಒಳ್ಳೆಯದು ಅಂತ. ಅವಳು ಹೂಂ ಅಂದಳು. ಮೊಬೈಲಿನಲ್ಲಿ ತೆಗೆದ ಫೋಟೊ ತೋರಿಸಿದೆ. ನೋಡಿ, ಮತ್ತೆ ಹೂಂ ಅಂದಳು. ಅಕ್ಕಿ ಆರಿಸುತ್ತಿದ್ದಳು.

ಆ ವರ್ಷ ಗಣಪತಿ ಮೂರ್ತಿಯವರು ನನ್ನನ್ನು ಕರೆಯಲಿಲ್ಲ. ನಾನೇ ಫೋನ್ ಮಾಡಿದೆ. ಹದಿನೈದು ವರ್ಷದ ಗುರುತಿನ ಮನುಷ್ಯ, ಮರಾಠಿಯವನು. "ಯಂದಾ ನಕೋ ಕಾಕಾ, ಈ ವರ್ಷ ಬೇಡ, ಜನ ಇದಾರೆ" ಅಂದ. ಅವನ ದನಿಯಲ್ಲಿ ಮುಜುಗರವಿತ್ತು. ಟ್ಯಾಂಕಿನ ಕೆಲಸ ಕೊಡುತ್ತಿದ್ದ ಗ್ಯಾರೇಜಿನವರೂ ಎರಡು ವರ್ಷದಿಂದ ಕಡಿಮೆ ಮಾಡುತ್ತ ಬಂದು ನಿಲ್ಲಿಸಿಬಿಟ್ಟಿದ್ದರು. ಕಾಲ ಬದಲಾಯಿತು, ಕೈಕೆಲಸ ಯಾರಿಗೆ ಬೇಕು ಅಂತ ನಾನು ಸಿಕ್ಕಸಿಕ್ಕವರ ಹತ್ತಿರ ಕಾಲವನ್ನು ಬೈದೆ.

ಒಂದು ಸಂಜೆ ದಾದರ್ ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ ಕೊನೆಯ ಎರಡು ಮೆಟ್ಟಿಲು ಒಂದೇ ಅಂತ ಕಂಡು ಬಿದ್ದೆ. ಮೊಣಕಾಲು ತರಚಿಹೋಯಿತು. ಹೆಂಡತಿ ಮಾರನೆಯ ದಿನವೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಹೆಂಗಸು, ಚಿಕ್ಕ ವಯಸ್ಸು. ಕಣ್ಣೊಳಗೆ ಬೆಳಕು ಬಿಟ್ಟು ನೋಡಿ, "ಮೋತಿಬಿಂದು ಹೈ ಅಂಕಲ್, ಎರಡೂ ಕಣ್ಣಲ್ಲಿ ಪೊರೆ. ತುಂಬ ವರ್ಷದಿಂದ ಇದೆ" ಅಂದರು. ನನಗೆ ದೂರದ್ದು ಸ್ವಲ್ಪ ಮಬ್ಬು ಅಷ್ಟೇ, ಹತ್ತಿರದ್ದು ಚೆನ್ನಾಗಿಯೇ ಕಾಣುತ್ತದೆ, ನಾನು ಬಣ್ಣದ ಕೆಲಸದವನು ಅಂತ ಹೇಳಿದೆ. ಆಕೆ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು. ಏನೋ ಹೇಳಲು ಹೊರಟು, ಮೊದಲು ಆಪರೇಷನ್ ಆಗಲಿ ಅಂದರು.

ಬಲಗಣ್ಣಿಗೆ ಆಪರೇಷನ್ ಆಯಿತು. ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಮೊದಲು ಕಂಡದ್ದು ಗೋಡೆ. ಹಿಂದಿನ ದಿನ ಅದು ಕೆನೆಬಣ್ಣದ ಗೋಡೆಯಾಗಿತ್ತು. ಈಗ ಬಿಳಿ, ಕಣ್ಣಿಗೆ ಚುಚ್ಚುವಷ್ಟು ಬಿಳಿ. ಕಿಟಕಿಯ ಹೊರಗೆ ಯಾರದೋ ಮನೆಯ ಮೇಲೆ ನೀಲಿ ತಾಡಪತ್ರಿ ಹೊದಿಸಿದ್ದರು. ಅಂಥ ನೀಲಿಯನ್ನು ನಾನು ಎಷ್ಟು ವರ್ಷದಿಂದ ನೋಡಿರಲಿಲ್ಲವೋ ಹೇಳಲಾರೆ. ಪಕ್ಕದ ಹಾಸಿಗೆಯ ಮುದುಕ ಖುಷಿಯಿಂದ ಅಳುತ್ತಿದ್ದ. ಎಡಗಣ್ಣು ಮುಚ್ಚಿ ನೋಡಿದೆ, ಗೋಡೆ ಬಿಳಿ. ಬಲಗಣ್ಣು ಮುಚ್ಚಿದೆ, ಗೋಡೆ ಚಹಾ ಚೆಲ್ಲಿ ಒಣಗಿದ ಬಟ್ಟೆಯ ಹಾಗೆ ಹಳದಿ. ಮತ್ತೆ ಮತ್ತೆ ಅದನ್ನೇ ಮಾಡುತ್ತಿದ್ದುದನ್ನು ನೋಡಿ ನರ್ಸು ಕೈ ಹಿಡಿದು ಕೆಳಗಿಟ್ಟಳು.

ಮನೆಗೆ ಬಂದ ಮೇಲೆ ಕಪಾಟಿನಿಂದ ಆ ಪುಟ್ಟ ಹಲಗೆ ತೆಗೆದೆ. ಸಾಂತಾಕ್ರೂಜ್‌ನ ಕೆಲಸಕ್ಕೆ ಬಣ್ಣ ಊದಿ ನೋಡಿದ ಹಲಗೆ. ಮೂರನೆಯ ದಿನ ಚೌಕಕ್ಕೆ ಸರಿಹೊಂದಿದ ನೀಲಿಯ ಪಕ್ಕ ನಾನೇ ಪೆನ್ಸಿಲಿನಲ್ಲಿ ಗುರುತು ಮಾಡಿದ್ದೆ. ಅದು ನೀಲಿಯಾಗಿರಲಿಲ್ಲ. ಬದನೆಕಾಯಿಯ ಸಿಪ್ಪೆಗೆ ಹತ್ತಿರದ ನೇರಳೆ ಆಗಿತ್ತು. ಅದರ ಪಕ್ಕ, ಸರಿಯಿಲ್ಲ ಅಂತ ನಾನು ಬಿಟ್ಟ ಮೊದಲ ದಿನದ ಬಣ್ಣವಿತ್ತು. ಅದರಲ್ಲಿ ಸಮುದ್ರವಿತ್ತು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ರೀ, ಕಣ್ಣಿಗಿ ತ್ರಾಸ ಕೊಡಬ್ಯಾಡ್ರಿ. ಡಾಕ್ಟರ್ ಏನ್ ಹೇಳ್ಯಾರ?"

"ಇದು ಯಾವ ಬಣ್ಣ ಹೇಳು."

ಅವಳು ಹಲಗೆ ಬಿಟ್ಟು ನೆಲ ನೋಡಿದಳು.

"ನಿನಗ ಗೊತ್ತಿತ್ತೇನು?"

"ಬಿಡ್ರಿ ಈಗ."

"ಯಾವಾಗಿಂದ ಗೊತ್ತಿತ್ತು?"

ಅವಳು ಬಂದು ಮಂಚದ ತುದಿಯಲ್ಲಿ ಕೂತಳು. ಆರೇಳು ವರ್ಷದಿಂದ, ಅಂದಳು. ದೀಪಾವಳಿಗೆ ನಾನು ತಂದ ಸೀರೆಯಿಂದ. ಬಿಳಿ ಅಂಚಿನ ಸೀರೆ ಅಂತ ತಂದು ಕೊಟ್ಟಿದ್ದೆ, ಅಂಚು ತಿಳಿ ಹಳದಿಯಾಗಿತ್ತು. ಆಮೇಲೆ ಗಣಪತಿಯ ಮೂರ್ತಿಗಳಲ್ಲಿ ಕಂಡಿತು. ಆಮೇಲೆ ಹೆಲ್ಮೆಟ್ಟುಗಳಲ್ಲಿ. ಗ್ಯಾರೇಜಿನವನು ಒಮ್ಮೆ ಅವಳಿಗೇ ಫೋನ್ ಮಾಡಿ, ಭಾಭಿ, ಗಿರಾಕಿಗಳು ವಾಪಸ್ ತರ್ತಾ ಇದಾರೆ, ನಾನೇ ಮತ್ತೆ ಮಾಡಿಸ್ತೀನಿ, ಅವರಿಗೆ ಹೇಳಬೇಡಿ ಅಂದಿದ್ದನಂತೆ.

"ಕಣ್ಣು ತೋರಸ್ರಿ ಅಂತ ನಾ ಎಷ್ಟ ಸಲ ಹೇಳೇನಿ. ಹತ್ರದ್ದು ಕಾಣ್ತದ, ನಿನಗೇನ್ ತಿಳೀತದ ಅಂತ ಬೈದ್ರಿ. ಬಣ್ಣ ತಪ್ಪಾಗೇದ ಅಂತ ಹೇಳಲಿಕ್ಕೆ ನನಗ ಬಾಯಿ ಬರಲಿಲ್ಲ. ಅದೊಂದೇ ಇತ್ತಲ್ಲ ನಿಮಗ."

"ಆ ಸಾಂತಾಕ್ರೂಜ್ ಕೆಲಸದಾಗಾದ್ರೂ ಹೇಳಬೇಕಿತ್ತು."

"ಫೋಟೊ ತೋರಸಿದಾಗ ಕೆಲಸ ಮುಗದಿತ್ತಲ್ಲ" ಅಂದಳು. "ಮುಗದ ಮ್ಯಾಲೆ ಹೇಳಿ ಏನ್ ಮಾಡೂದು?"

ನನಗೆ ಅವಳ ಮೇಲೆ ಬಂದ ಸಿಟ್ಟು ಈಗಲೂ ಪೂರಾ ಹೋಗಿಲ್ಲ. ಕಣ್ಣು ತೋರಿಸಿರಿ ಅಂತ ಅವಳು ಹೇಳಿದ್ದು ನಿಜ. ನಾನು ಬೈದದ್ದೂ ನಿಜ. ಒಂದು ಸಲವಂತೂ ತಟ್ಟೆ ಸರಿಸಿ ಎದ್ದುಹೋಗಿದ್ದೆ. ಅದೆಲ್ಲ ನೆನಪಿದ್ದೂ ಸಿಟ್ಟು ಹೋಗುವುದಿಲ್ಲ. ಆ ರಾತ್ರಿಯಿಂದ ನಾವಿಬ್ಬರೂ ಕಡಿಮೆ ಮಾತಾಡುತ್ತೇವೆ.

ಕಣ್ಣಿಗೆ ಹೊರಗಿನ ಗಾಳಿ ಬಿಡಬಹುದು ಅಂತ ಡಾಕ್ಟರು ಹೇಳಿದ ದಿನ ಸಾಂತಾಕ್ರೂಜ್‌ಗೆ ಹೋದೆ. ಆಕೆಗೆ ಮೊದಲೇ ಫೋನ್ ಮಾಡಿರಲಿಲ್ಲ. ಮಾಡಿದ್ದರೆ ಹೋಗುವ ಧೈರ್ಯ ಬರುತ್ತಿರಲಿಲ್ಲ. ಬಾಗಿಲು ತೆಗೆದು, ಕಪ್ಪು ಕನ್ನಡಕ ನೋಡಿ, "ಅಯ್ಯೋ ಪೇಂಟರೇ, ಎಂತಾಯ್ತು ಕಣ್ಣಿಗೆ?" ಅಂದರು. ಹೇಳಿದೆ. ಮೆಶಿನ್ ಒಮ್ಮೆ ನೋಡಬೇಕು ಅಂದೆ. ಅವರು ಒಂದು ಕ್ಷಣ ಅಲ್ಲೇ ನಿಂತರು. ಆಮೇಲೆ ದಾರಿ ಬಿಟ್ಟರು.

ಮೆಶಿನ್ ಬೆಡ್‌ಶೀಟಿನ ಕೆಳಗೇ ಇತ್ತು. ಹೊಸದಾಗಿ ಬಣ್ಣ ಹಾಕಿಸಿದ್ದನ್ನು ಯಾಕೆ ಮುಚ್ಚಿಟ್ಟಿದ್ದಾರೆ ಅಂತ ಕೇಳುವ ಅಗತ್ಯವಿರಲಿಲ್ಲ. ಬೆಡ್‌ಶೀಟು ತೆಗೆದೆ.

ಇಡೀ ಸಮುದ್ರ ನೇರಳೆಯಾಗಿತ್ತು. ಹೆಣ್ಣಿನ ಮುಖ ಬೂದಿ ಬಿಳುಪು, ಅದರ ಮೇಲೆ ನೀಲಿಯ ಛಾಯೆ. ನೀರಿಗೆ ಬಿದ್ದು ಮೂರು ದಿನದ ಮೇಲೆ ಸಿಕ್ಕವಳ ಮುಖದ ಹಾಗಿತ್ತು. ಅಂಥವಳ ತುಟಿಗೆ ನಾನು ಬಹಳ ಅಕ್ಕರೆಯಿಂದ ಕೆಂಪು ಹಚ್ಚಿದ್ದೆ. ಗೆರೆಗಳು ಮಾತ್ರ ಒಂದೂ ತಪ್ಪಿರಲಿಲ್ಲ. ಅಂಚುಗಳು ಬ್ಲೇಡಿನಿಂದ ಕೊಯ್ದ ಹಾಗೆ ಇದ್ದವು. ಕೈ ನಡುಗದವನ ಕೆಲಸ ಅಂತ ಯಾರಾದರೂ ಹೇಳುವ ಹಾಗಿತ್ತು. ಸ್ಪ್ಯಾನರ್ ತಂದಿದ್ದೆ. ಕಾಲಿನ ಬೋಲ್ಟು ಸಡಿಲಿಸಿ ತಗಡನ್ನು ಸರಿಸಿದೆ. ನೇರಳೆಯ ನಡುವೆ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಹಸಿರು ಬೆರೆತ ನೀಲಿ ಹಾಗೇ ಕೂತಿತ್ತು. ನಾನು ಅದನ್ನು ನೋಡುತ್ತ ನೆಲದ ಮೇಲೆ ಕೂತುಬಿಟ್ಟೆ.

"ಅವತ್ತು ಹಲಗೆ ತೋರಿಸಿದಾಗ ನಿಮಗ ಕಂಡಿತ್ತಲ್ಲ ಅಕ್ಕಾರ?"

"ಸ್ವಲ್ಪ ಬೇರೆ ಕಂಡಿತ್ತು. ಒಣಗಿದ ಮೇಲೆ ಸರಿಯಾಗ್ತದೋ ಏನೋ ಅಂತ ಅನ್ನಿಸಿತು. ಮತ್ತೆ ನೀವು ಅಷ್ಟು ಖುಷಿಯಲ್ಲಿದ್ರಿ. ನಾನು ಹೇಗೆ ಹೇಳುದು?"

"ನಾ ಪೂರಾ ತಗದು ಮತ್ತ ಮಾಡಿ ಕೊಡ್ತೀನ್ರಿ. ಸ್ಟೆನ್ಸಿಲ್ ಎಲ್ಲಾ ಅದಾವ. ಈಗ ಕಣ್ಣು ಕಾಣ್ತದ."

ಆಕೆ ಬೇಡವೆಂದು ತಲೆಯಾಡಿಸಿದರು. ಮೆಶಿನ್ನಿನ ಎಡಪಕ್ಕಕ್ಕೆ ಬಂದು ನಿಂತು, ಗುಂಡಿಯ ಹಿಂದೆ ಅಂಗೈ ಇಟ್ಟರು. ಲ್ಯಾಕರಿನ ಮೇಲೆ ಅವರ ಕೈ ಜಾರಿತು.

"ಬಣ್ಣದ್ದು ನನಗೆ ಅಷ್ಟು ಇಲ್ಲ. ಹಸಿರೋ ನೀಲಿಯೋ, ಎಂತಾದ್ರೂ ಇರ್ಲಿ. ನೀವು ಹೋದ ದಿವಸ ನಾನು ಇಲ್ಲಿ ಕೈ ಇಟ್ಟೆ. ಎಂತದೂ ಇರ್ಲಿಲ್ಲ. ಕಾಯಿಲೆ ಬೇಡ ಕಾಯಿಲೆ ಬೇಡ ಅಂತ ನಾನೇ ಹೇಳಿದ್ದಲ್ವಾ? ಆ ಮೂರು ವರ್ಷ ಅವರು ಇದ್ದದ್ದೇ ಇಲ್ಲಿ. ಅದನ್ನೂ ತಿಕ್ಕಿ ತೆಗೀಲಿಕ್ಕೆ ನಾನೇ ಹೇಳಿದೆ."

ನೀಲಿಯನ್ನು ಮತ್ತೆ ಕಲಸಬಹುದು. ಆ ಜಾಗವನ್ನು ಮಾಡಿಕೊಡುವ ಬಣ್ಣ ನನಗೆ ಗೊತ್ತಿಲ್ಲ. ತಗಡನ್ನು ಮತ್ತೆ ಕೂರಿಸಿ ಬೋಲ್ಟು ಬಿಗಿದೆ. ಕೆಳಗಿನ ಹೋಟೆಲಿನಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು.

ಆಮೇಲೆ ಒಂದು ವರ್ಷ ನಾನು ಆ ಕಡೆ ಹೋಗಲಿಲ್ಲ. ಏರ್‌ಬ್ರಷ್ ಹಿಡಿಯಲೂ ಇಲ್ಲ. ಒಮ್ಮೆ ಪ್ರಯತ್ನ ಮಾಡಿದೆ. ಪಕ್ಕದ ಚಾಳಿನವರ ಹೆಲ್ಮೆಟ್ಟು, ಬರೀ ಒಂದು ಕೆಂಪು ಪಟ್ಟೆ ಹಾಕಬೇಕಿತ್ತು. ಬಣ್ಣ ಕಲಸಿ, ಒಂದು ಕಣ್ಣು ಮುಚ್ಚಿ ನೋಡಿದೆ, ಇನ್ನೊಂದು ಮುಚ್ಚಿ ನೋಡಿದೆ. ಎಡಗಣ್ಣಿಗೆ ಇನ್ನೂ ಆಪರೇಷನ್ ಮಾಡಿಸಿರಲಿಲ್ಲ. ಒಂದು ಗಂಟೆ ಹಾಗೇ ಕೂತಿದ್ದು ಹೆಲ್ಮೆಟ್ಟನ್ನು ವಾಪಸ್ ಕೊಟ್ಟೆ. ದಿನವೂ ನಾನು ಸುಮ್ಮನೆ ಲೆಕ್ಕ ಹಾಕುತ್ತಿದ್ದದ್ದು ಒಂದೇ. ಈ ಆರೇಳು ವರ್ಷದಲ್ಲಿ ಎಷ್ಟು ಮನೆಗಳಿಗೆ ನನ್ನ ಗಣಪತಿಗಳು ಹೋಗಿರಬಹುದು, ಅವುಗಳ ಮುಖ ನೋಡಿ ಎಷ್ಟು ಜನ ಏನೂ ಹೇಳದೆ ಸುಮ್ಮನಿದ್ದಿರಬಹುದು.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಸಾಂತಾಕ್ರೂಜ್‌ನಿಂದ ಮತ್ತೆ ಫೋನ್ ಬಂತು. ಬಿಲ್ಡಿಂಗು ಕೆಡವಿ ಹೊಸದು ಕಟ್ಟುತ್ತಾರಂತೆ. ಅಲ್ಲಿಯವರೆಗೆ ಎಲ್ಲರೂ ಬಾಡಿಗೆ ಮನೆಗೆ ಹೋಗಬೇಕು. ಆಕೆಗೆ ಸಿಕ್ಕ ಮನೆ ಚಿಕ್ಕದು, ಮೆಶಿನ್ ಅಲ್ಲಿ ಹಿಡಿಯುವುದಿಲ್ಲ. ಶೂಟಿಂಗಿಗೆ ಸಾಮಾನು ಒದಗಿಸುವ ಒಬ್ಬರು ತೆಗೆದುಕೊಂಡು ಹೋಗುತ್ತಾರೆ, ಕಾಲು ಬಿಚ್ಚುವುದು ನಿಮಗೆ ಗೊತ್ತುಂಟಲ್ಲ, ಬರ್ತೀರಾ ಅಂತ ಕೇಳಿದರು.

ಹೋದೆ. ಮನೆ ಅರ್ಧ ಖಾಲಿಯಾಗಿತ್ತು. ಸಾಮಾನಿನವನು ಟೆಂಪೋ ತಂದಿದ್ದ. ಬೆಡ್‌ಶೀಟು ಎತ್ತಿ ನೋಡಿದವನೇ, "ಕಲರ್ ಏಕ್‌ದಂ ಮಸ್ತ್ ಹೈ. ಕ್ಯಾಮೆರಾದಲ್ಲಿ ಎದ್ದು ಕಾಣುತ್ತೆ. ಯಾರು ಮಾಡಿದ್ದು?" ಅಂದ. ಆಕೆ ನನ್ನ ಕಡೆ ನೋಡಲಿಲ್ಲ. ನಾನು ಗಾಜು ಬಿಚ್ಚಿದೆ, ಕಾಲು ಬಿಚ್ಚಿದೆ. ನಾಲ್ಕು ಜನ ಪೆಟ್ಟಿಗೆಯನ್ನು ಮೆಟ್ಟಿಲಲ್ಲಿ ಓರೆಯಾಗಿ ಇಳಿಸಿದರು. ತಿರುವಿನಲ್ಲಿ ಗೋಡೆಗೆ ತಾಗಿ ಒಂದು ಮೂಲೆಯ ಬಣ್ಣ ಕಿತ್ತುಹೋಯಿತು. ಯಾರೂ ಅದನ್ನು ಗಮನಿಸಲಿಲ್ಲ. ಟೆಂಪೋ ಹೋಗುವಾಗ ಆಕೆ ಬಾಲ್ಕನಿಗೆ ಬರಲಿಲ್ಲ.

ಹೊರಡುತ್ತೇನೆಂದು ಹೇಳಲು ಮೇಲೆ ಹೋದೆ. "ಊಟ ಮಾಡಿ ಹೋಗಿ" ಅಂದರು. ಮೇಜು ಕುರ್ಚಿ ಆಗಲೇ ಹೋಗಿದ್ದವು. ನೆಲದ ಮೇಲೆ ಪೇಪರು ಹಾಸಿ ಅನ್ನ, ಸಾರು ಬಡಿಸಿದರು. ತಾವೂ ಎದುರಿಗೆ ಕೂತು ತಟ್ಟೆಗೆ ಹಾಕಿಕೊಂಡರು.

"ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ" ಅಂದರು ಆಮೇಲೆ, ತಟ್ಟೆ ನೋಡುತ್ತ. "ಸಿಟ್ಟು ಉಂಟು. ನನ್ನ ಮೇಲೂ ಉಂಟು. ಬೆಳಿಗ್ಗೆ ಎದ್ದ ಕೂಡ್ಲೆ ಬರ್ತದೆ, ಕೆಲಸ ಶುರು ಮಾಡಿದ ಮೇಲೆ ಹೋಗ್ತದೆ. ಇನ್ನು ಆ ಕೋಣೆ ಇಲ್ಲ, ಮೆಶಿನ್ ಇಲ್ಲ. ಈಗಲಾದ್ರೂ ಕಡಿಮೆ ಆಗ್ತದೋ ಏನೋ."

ಆ ಮಾತನ್ನು ಯಾರಾದರೂ ಹೇಳಲಿ ಅಂತ ನಾನು ಒಂದು ವರ್ಷದಿಂದ ಕಾಯುತ್ತಿದ್ದೆ. ಯಾರಾದರೂ ಎದುರಿಗೆ ನಿಂತು ಬೈದರೆ ಎದೆಯ ಭಾರ ಇಳಿಯುತ್ತದೆ ಅಂದುಕೊಂಡಿದ್ದೆ. ಆಕೆ ಹೇಳಿದರು, ನಾನು ಕೇಳಿಸಿಕೊಂಡೆ, ಏನೂ ಇಳಿಯಲಿಲ್ಲ.

"ಸಾರು ಹಾಕ್ಲಾ?" ಅಂತ ಕೇಳಿದರು. ಸಾಕು ಅಂದೆ. ಆದರೂ ಒಂದು ಸೌಟು ಬಡಿಸಿದರು. ಅದನ್ನು ಮುಗಿಸಿ, ತಟ್ಟೆ ತೊಳೆದಿಟ್ಟು, ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದೆ.